ಕ್ಯಾಪ್ಷನ್ ಗೆರೆಯನ್ನು ಕತ್ತರಿಸುವುದನ್ನು ನಿಲ್ಲಿಸಿ: ಪತ್ರಾಗಾರದ ನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರೇ,

ನಿಯಮಗಳೆಲ್ಲ ನಿಮಗೆ ಗೊತ್ತಿವೆ ಎಂದುಕೊಂಡೇ ಬರೆಯುತ್ತಿದ್ದೇವೆ. ಎನ್‌ಟಿಎಸ್‌ಸಿ (ಅಮೆರಿಕದ ಹಳೆಯ ಟಿವಿ ಪದ್ಧತಿ) ವಿಡಿಯೊ ಟೇಪುಗಳಲ್ಲಿ ಕ್ಲೋಸ್ಡ್ ಕ್ಯಾಪ್ಷನ್, ಅಂದರೆ ಬೇಕೆಂದಾಗ ಮಾತ್ರ ತೆರೆಗೆ ಬರುವ ಮಾತಿನ ಪಠ್ಯ, ಸಂಕೇತವಾಗಿ ಕೂತಿರುವುದು ಚಿತ್ರದ ಅಡ್ಡಗೆರೆಗಳ ಪೈಕಿ 21ನೇ ಗೆರೆಯಲ್ಲಿ. ಅಮೆರಿಕದ ಟಿವಿಯಲ್ಲಿ ಈ ವ್ಯವಸ್ಥೆ 1980ರಲ್ಲೇ ಶುರುವಾಯಿತು. 1993ರ ಜುಲೈಯಿಂದ ಅಲ್ಲಿ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಹೊಸ ಟಿವಿಗಳಿಗೆಲ್ಲ ಅದನ್ನು ಓದಿ ತೋರಿಸುವ ಡಿಕೋಡರ್ ಕಡ್ಡಾಯವಾಯಿತು. ಅಂದರೆ ಇದು ನಿನ್ನೆ ಮೊನ್ನೆ ಹುಟ್ಟಿದ ಗುಟ್ಟೇನಲ್ಲ.

ಆದರೂ ನಿಮ್ಮ ಡಿಜಿಟಲೀಕರಣದ ಟೆಂಡರಿನಲ್ಲಿ, ಚಿತ್ರದ ಮೇಲ್ತುದಿಯಲ್ಲಿ ಮಿನುಗುವ ಬಿಳಿ ಗೀಟುಗಳನ್ನು 'ದೋಷ'ವೆಂದು ಪಟ್ಟಿ ಮಾಡಿ, ಕತ್ತರಿಸಿ ತೆಗೆಯಲು ಹೇಳಲಾಗಿದೆ. ಸ್ವಾಮಿ, ಆ ಗೀಟುಗಳೇ ಕ್ಯಾಪ್ಷನ್! ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಎಂಬ ಗಾದೆ ಇದೆ. ಇಲ್ಲಿ ನೆಗಡಿಯೂ ಇರಲಿಲ್ಲ. ಗುತ್ತಿಗೆದಾರರು ಹೇಳಿದಂತೆಯೇ ಮಾಡಿದ್ದಾರೆ. ಫೈಲುಗಳಲ್ಲಿ ಕ್ಯಾಪ್ಷನ್ ಎಲ್ಲಿ ಎಂದು ಕೇಳಿದರೆ, ಟೇಪಿನಲ್ಲೇ ಇರಲಿಲ್ಲ ಎಂಬ ಉತ್ತರ ಬರುತ್ತದೆ. ಟೇಪಿನ ಡಬ್ಬಿಯ ಮೇಲೆ ಮಾತ್ರ ಸಿಸಿ (ಕ್ಲೋಸ್ಡ್ ಕ್ಯಾಪ್ಷನ್) ಗುರುತು ಢಾಳಾಗಿ ಕಾಣುತ್ತಿದೆ. ಇದೀಗ ಅದೇ ಕಾರ್ಯಕ್ರಮಗಳಿಗೆ ಯಂತ್ರದಿಂದ ಹೊಸ ಕ್ಯಾಪ್ಷನ್ ಬರೆಸಲು ಇನ್ನೊಂದು ಟೆಂಡರ್! ಮನುಷ್ಯರು ಕೂತು, ಹೆಸರು ಹೆಸರನ್ನೂ ನೋಡಿ ಬರೆದದ್ದನ್ನು ಬಿಸಾಡಿ, ಊಹೆಯ ಕ್ಯಾಪ್ಷನ್ನಿಗೆ ದುಡ್ಡು ಕೊಡುವ ಈ ಜಾಣತನಕ್ಕೆ ಏನೆನ್ನಬೇಕೋ ತಿಳಿಯದು.

ವಿಎಚ್‌ಎಸ್ ಟೇಪಿನಲ್ಲಿ ಕ್ಯಾಪ್ಷನ್ ಉಳಿಯುವುದಿಲ್ಲ ಎಂಬ ಸಬೂಬು ಬೇಡ. ಆ ಮಾತು ಪಾಲ್ ಪದ್ಧತಿಯ (ಯುರೋಪ್ ಮೊದಲಾದ) ದೇಶಗಳಲ್ಲಿ ಟಿವಿ ಸಂಕೇತದೊಳಗೆ ಪಠ್ಯ ಕಳಿಸುವ ಟೆಲಿಟೆಕ್ಸ್ಟ್‌ಗೆ ಸಲ್ಲುತ್ತದೆ. ಅದರ ವೇಗ ಸೆಕೆಂಡಿಗೆ 6.9375 ಮೆಗಾಬಿಟ್, ಸಾಮಾನ್ಯ ವಿಎಚ್‌ಎಸ್ ಅದನ್ನು ಹಿಡಿದಿಡಲಾರದು. 21ನೇ ಗೆರೆಯ ಕ್ಯಾಪ್ಷನ್ ಗಡಿಯಾರ (ಅದರ ಬಿಟ್ಟುಗಳ ತಾಳ) ಓಡುವುದು ಸುಮಾರು 0.5 ಮೆಗಾಹರ್ಟ್ಸ್‌ನಲ್ಲಿ. 3 ಮೆಗಾಹರ್ಟ್ಸ್‌ವರೆಗೆ ಹಿಡಿಯುವ ವಿಎಚ್‌ಎಸ್‌ಗೆ ಅದೇನೂ ಭಾರವಲ್ಲ.

ಹಾಳಾಗುತ್ತಿರುವುದು ಟೇಪಿನಲ್ಲಲ್ಲ, ಟೇಪಿನಿಂದ ಫೈಲಿಗೆ ಬರುವ ದಾರಿಯಲ್ಲಿ. ಮೊದಲ ಗಂಡಾಂತರ ಟೈಮ್ ಬೇಸ್ ಕರೆಕ್ಟರ್, ಅಂದರೆ ಟೇಪಿನ ಚಿತ್ರದ ಅಲುಗಾಟ ಸರಿಪಡಿಸುವ ಯಂತ್ರ. ಹಲವು ಕರೆಕ್ಟರುಗಳು ಚಿತ್ರದ ಮೇಲಿನ ಗೆರೆಗಳನ್ನು ಅಳಿಸಿ ಖಾಲಿ ಗೆರೆ ಹಾಕಿ ಕಳಿಸುತ್ತವೆ. ಅವುಗಳನ್ನು ಹಾಗೆಯೇ ಹಾಯಿಸುವ ಸೆಟ್ಟಿಂಗ್ ಇದ್ದರೆ ಹಾಕಬೇಕು, ಇಲ್ಲದಿದ್ದರೆ ಯಂತ್ರವನ್ನೇ ಬದಲಿಸಬೇಕು. ಎರಡನೆಯದು ಎಚ್‌ಡಿಎಂಐ ಕೇಬಲ್. 21ನೇ ಗೆರೆ ಅದರೊಳಗೆ ಬರುವುದೇ ಇಲ್ಲ, ಹಳೆಯ ಕಾಂಪೊಸಿಟ್ ಕೇಬಲಿನಲ್ಲಿ ಬರುತ್ತದೆ. ಮೂರನೆಯದು ನಿಮ್ಮ ಟೆಂಡರಿನ 480 ಗೆರೆಗಳ ಚೌಕಟ್ಟು. 720×486 ಅಳತೆಯಲ್ಲಿ ಹಿಡಿದರೆ ಕ್ಯಾಪ್ಷನ್ ಗೆರೆ ಸಾಮಾನ್ಯವಾಗಿ ಮೇಲ್ತುದಿಯಲ್ಲಿ ಕಣ್ಣಿಗೇ ಕಾಣುತ್ತದೆ. 480ಕ್ಕೆ ಇಳಿಸಿದಾಗ ಹೊರಗೆ ಬೀಳುತ್ತದೆ. ಒಂದು ಫ್ರೇಮಿನ ಬೆಸ ಗೆರೆಗಳ ಮತ್ತು ಸಮ ಗೆರೆಗಳ ಎರಡು ಅರ್ಧಚಿತ್ರಗಳನ್ನು (ಫೀಲ್ಡುಗಳನ್ನು) ಬೆಸೆದರೂ, ಅಂದರೆ ಡಿಇಂಟರ್ಲೇಸ್ ಮಾಡಿದರೂ, ಕೆಟ್ಟಿತು, ಏಕೆಂದರೆ ಎರಡು ಫೀಲ್ಡುಗಳಲ್ಲಿ ಇರುವುದು ಬೇರೆ ಬೇರೆ ಮಾಹಿತಿ. ಮೊದಲನೆಯದರಲ್ಲಿ ಸಿಸಿ1 ಎಂಬ ಮುಖ್ಯ ಕ್ಯಾಪ್ಷನ್, ಎರಡನೆಯದರಲ್ಲಿ ಸಿಸಿ3 ಎಂಬ ಇನ್ನೊಂದು ಕ್ಯಾಪ್ಷನ್ ಮತ್ತು, ಪ್ರಸಾರಕರು ಹಾಕಿದ್ದರೆ, ಕಾರ್ಯಕ್ರಮದ ಹೆಸರಿನಂಥ ವಿವರಗಳು. ಎರಡನ್ನೂ ಕಲಸಿದರೆ ಯಾವುದೂ ಓದಲು ಬರದು.

ಒಂದು ಫೀಲ್ಡಿಗೆ ಎರಡೇ ಬೈಟ್, ಅಂದರೆ ಹೆಚ್ಚೆಂದರೆ ಎರಡು ಅಕ್ಷರ. ಆದ್ದರಿಂದ ಫ್ರೇಮ್ ಬಿಟ್ಟುಹೋದಲ್ಲೆಲ್ಲ ಅಕ್ಷರಗಳೂ ಹೋಗುತ್ತವೆ. ಆಜ್ಞೆಯ ಕೋಡುಗಳನ್ನು ಎರಡೆರಡು ಬಾರಿ ಕಳಿಸುವುದು ಇದಕ್ಕೇ. ಎರಡೂ ಬಾರಿಯ 942ಎಫ್ ('ತೋರಿಸು' ಎಂಬ ಆಜ್ಞೆ) ಕಳೆದುಹೋದರೆ ಸಿದ್ಧವಾಗಿದ್ದ ಸಾಲು ತೆರೆಗೆ ಬರುವುದೇ ಇಲ್ಲ. 942ಸಿ ('ಅಳಿಸು' ಎಂಬ ಆಜ್ಞೆ) ಕಳೆದುಹೋದರೆ ಹಳೆಯ ಸಾಲು ಹೊತ್ತು ಮೀರಿಯೂ ತೆರೆಯ ಮೇಲೆ ಕೂತಿರುತ್ತದೆ.

ಆಗಬೇಕಾದದ್ದು ಇಷ್ಟೇ. 486 ಗೆರೆ, ಇಂಟರ್ಲೇಸ್ಡ್ (ಫೀಲ್ಡುಗಳು ಬೇರೆ ಬೇರೆಯಾಗಿಯೇ), 10 ಬಿಟ್, ಎಫ್‌ಎಫ್‌ವಿ1ನಂಥ ನಷ್ಟವಿಲ್ಲದ ರೂಪದಲ್ಲಿ ಮೂಲ ಪ್ರತಿ ಹಿಡಿಯಿರಿ. ಗಾತ್ರ ಬದಲಿಸಬೇಡಿ, ಕತ್ತರಿಸಬೇಡಿ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದ ರೀಡ್‌ಇಐಎ608 ಫಿಲ್ಟರ್ ಮೇಲಿನ ಗೆರೆಗಳನ್ನು ಜಾಲಾಡಿ ಪ್ರತಿ ಫ್ರೇಮಿನ ಬೈಟುಗಳನ್ನು ಓದುತ್ತದೆ. ಅದಕ್ಕೆ ಕಾಸೂ ಕೊಡಬೇಕಿಲ್ಲ. ಬರೀ 8080 ಬರುತ್ತಿದ್ದರೆ ಆ ಹೊತ್ತಿನಲ್ಲಿ ಗೆರೆ ಇದೆ, ಪಠ್ಯವಿಲ್ಲ ಎಂದರ್ಥ. ಹಾಗೆಂದು ಟೇಪಿನ ಆರಂಭದ ಕಲರ್ ಬಾರ್ (ಬಣ್ಣದ ಪಟ್ಟಿಗಳ ಪರೀಕ್ಷಾ ಚಿತ್ರ) ನೋಡಿಯೇ ತೀರ್ಪು ಕೊಡಬೇಡಿ, ನಡುವೆಯೂ ಕೊನೆಯಲ್ಲೂ ನೋಡಿ. ಸಿಕ್ಕಿದ ಬೈಟುಗಳನ್ನು ಎಸ್‌ಸಿಸಿ ಎಂಬ ಕ್ಯಾಪ್ಷನ್ ಫೈಲಾಗಿ ಮೂಲ ಪ್ರತಿಯ ಪಕ್ಕದಲ್ಲಿಡಿ. ಸಾರ್ವಜನಿಕರಿಗೆ ಕೊಡುವ ಪ್ರತಿಯಲ್ಲಿ ಬೇಕಾದರೆ ಆಮೇಲೆ ಗೆರೆ ಕತ್ತರಿಸಿ, ಎಸ್‌ಸಿಸಿಯಿಂದ ಕ್ಯಾಪ್ಷನ್ ಸೇರಿಸಿ. ಮೊದಲು ಕತ್ತರಿಸಿದರೆ ಆಮೇಲೆ ಸೇರಿಸಲು ಏನೂ ಉಳಿಯುವುದಿಲ್ಲ, ಅಷ್ಟೇ.

ಇಷ್ಟರ ನಡುವೆ, ಡಿಜಿಟಲೀಕರಣ ಮುಗಿದ ಟೇಪುಗಳನ್ನು ವಿಲೇವಾರಿ ಮಾಡುವ ಆದೇಶವೂ ಹೊರಟಿದೆ. ದಯವಿಟ್ಟು ಅದನ್ನು ತಡೆಹಿಡಿಯಿರಿ. ಕ್ಯಾಪ್ಷನ್ ಈಗ ಉಳಿದಿರುವುದು ಆ ಟೇಪುಗಳಲ್ಲಿ ಮಾತ್ರ. ಗೀಟುಗಳು ದೋಷವೆಂಬ ಆ ಒಂದು ಸಾಲನ್ನು ಟೆಂಡರಿನಿಂದ ಹೊಡೆದುಹಾಕಿ. 480 ಎಂದಿರುವಲ್ಲಿ 486 ಎಂದು ತಿದ್ದಿ. ಸಿಸಿ ಗುರುತಿರುವ ಡಬ್ಬಿಗಳನ್ನು ಬೇರೆ ತೆಗೆದಿಟ್ಟು ಮೊದಲು ಅವನ್ನೇ ಮತ್ತೆ ಓಡಿಸಿ. ಗುರುತಿಲ್ಲದವನ್ನೂ ಪರೀಕ್ಷಿಸದೆ ಬಿಡಬೇಡಿ. ಇದೆಲ್ಲ ಆಗುವವರೆಗೆ ಒಂದೇ ಒಂದು ಟೇಪೂ ಗೋದಾಮಿನಿಂದ ಹೊರಗೆ ಹೋಗಕೂಡದು. ಮತ್ತೆ ಹೇಳುತ್ತೇವೆ: ಆ ಆದೇಶವನ್ನು ತಡೆಹಿಡಿಯಿರಿ.

ಇಂತಿ,
ಕ್ಯಾಪ್ಷನ್ ಓದಿಯೇ ಕಾರ್ಯಕ್ರಮ ನೋಡುವವರು