ಎಣ್ಣೆ ಕಲೆ ಉಳಿದ ನೆಲ

ಸಾಲ್ಟೇರ್, ಇಂಗ್ಲೆಂಡ್, ಭಾನುವಾರ ರಾತ್ರಿ

ಅಪ್ಪಾಜಿಯವರಿಗೆ ಮಗಳ ನಮಸ್ಕಾರಗಳು. ನಾವೆಲ್ಲ ಆರಾಮ. ಅವ್ವನ ಮಂಡಿನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ "ಏನಿಲ್ಲ ಬಿಡು" ಅಂತಾಳೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಇಲ್ಲಿ ಈಗ ಸೆಪ್ಟೆಂಬರಿನ ಊರಹಬ್ಬ. ಹೊಳೆಯಾಚೆ ಪಾರ್ಕಿನಲ್ಲಿ ಬ್ಯಾಂಡು, ಬೀದಿ ತುಂಬ ತಿಂಡಿ ಅಂಗಡಿ. ಮಿರ್ಚಿ ಮಂಡಕ್ಕಿ ಒಂದು ಬಿಟ್ಟು ಎಲ್ಲ ಇತ್ತು. ಆದರೆ ಈ ಪತ್ರ ಗಿರಣಿಯ ಬಗ್ಗೆ.

ಟೈಟಸ್ ಸಾಲ್ಟ್ ಅನ್ನುವ ಸಾಹುಕಾರ ಇಲ್ಲಿ 1853ರಲ್ಲಿ ಉಣ್ಣೆ ಗಿರಣಿ ತೆರೆದ. ಕೆಲಸಗಾರರಿಗೆ ಮನೆ, ಶಾಲೆ, ಆಸ್ಪತ್ರೆ ಎಲ್ಲ ಕಟ್ಟಿಸಿ, ಬೀದಿಗಳಿಗೆ ತನ್ನ ಮಕ್ಕಳ ಹೆಸರಿಟ್ಟ. ಹೆಂಡದಂಗಡಿಗೆ ಮಾತ್ರ ಜಾಗ ಕೊಡಲಿಲ್ಲ. ಮುಂದೆ ಅದೇ ಊರಲ್ಲಿ ಬಾರ್ ತೆರೆದವರು ಅದಕ್ಕೆ 'ಟೈಟಸ್‌ಗೆ ಹೇಳಬೇಡಿ' ಅಂತಲೇ ಹೆಸರಿಟ್ಟರು!

ಆ ಗಿರಣಿಯೂ 1986ರಲ್ಲಿ ಬಾಗಿಲು ಹಾಕಿತು. ಮರುವರ್ಷ ಜೊನಾಥನ್ ಸಿಲ್ವರ್ ಎಂಬುವರು ಅದನ್ನು ಕೊಂಡು, ಪಕ್ಕದ ಬ್ರಾಡ್‌ಫರ್ಡಿನಲ್ಲೇ ಹುಟ್ಟಿದ ಡೇವಿಡ್ ಹಾಕ್ನಿಯವರ ಚಿತ್ರಗಳನ್ನು ಇಟ್ಟು ಗ್ಯಾಲರಿ ಮಾಡಿದರು. ಟಿಕೆಟ್ ಇಲ್ಲ. ನೀವು ದುಡಿದ ದಾವಣಗೆರೆಯ ಗಿರಣಿ ಮುಚ್ಚಿದಾಗ ನಾವು ಕಂಡಿದ್ದು ಬೀಗ ಮತ್ತು ಬಾರದ ಬಾಕಿ. ಹಾಗಾಗಿ ಇಲ್ಲಿಗೆ ಬಂದಾಗಲೆಲ್ಲ ನನಗೆ ಒಂಚೂರು ಹೊಟ್ಟೆಕಿಚ್ಚು.

ಬೇರೆ ದಿನ ಒಳಗೆ ಲಿಲ್ಲಿ ಹೂವಿನ ವಾಸನೆ, ಪಿಸುಮಾತು. ಇವತ್ತು ಮುಖಕ್ಕೆ ಹುಲಿಬಣ್ಣ ಬಳಿದುಕೊಂಡ ಮಕ್ಕಳು, ತಳ್ಳುಗಾಡಿ ಕೂಸುಗಳು, ಕೋಲೂರಿಕೊಂಡ ಅಜ್ಜ ಅಜ್ಜಿಯರು. ಪಾರ್ಕಿಗೆ ಬಂದ ಜನ ಹಾಗೇ ಒಳಗೂ ನುಗ್ಗಿದ್ದರು. ಇದೇ ಗಿರಣಿಯನ್ನು ಹಾಕ್ನಿ 1997ರಲ್ಲಿ ದೊಡ್ಡದಾಗಿ ಬರೆದಿದ್ದಾರೆ, ನಮ್ಮೂರ ಜಾತ್ರೆಯ ಬಣ್ಣಗಳಲ್ಲಿ. ಅದರ ಮುಂದೆ ಒಬ್ಬ ಹುಡುಗ "ನಮ್ಮ ಮನೆ ಎಲ್ಲಿ?" ಅಂತ ಹುಡುಕುತ್ತಿದ್ದ.

ಅಲ್ಲೇ ಒಬ್ಬ ವಯಸ್ಸಾದವರು ಚಿತ್ರಕ್ಕೆ ಬೆನ್ನು ಮಾಡಿ, ಬಗ್ಗಿ ನೆಲ ನೋಡುತ್ತಿದ್ದರು. ಏನೋ ಬಿದ್ದಿದೆ ಅಂತ ನಾನೂ ಬಗ್ಗಿದೆ. "ಎಣ್ಣೆ" ಅಂದರು. ಕಲ್ಲಿನ ಮೇಲೆ ಹಳೆಯ ಕಪ್ಪು ಕಲೆ. ಪಾಕ್ ಆಡಳಿತದ ಕಾಶ್ಮೀರದ ಮೀರ್‌ಪುರದ ಕಡೆಯವರಂತೆ, ಅರವತ್ತರ ದಶಕದಲ್ಲಿ ಬಂದು ಬ್ರಾಡ್‌ಫರ್ಡಿನ ಗಿರಣಿಯೊಂದರಲ್ಲಿ ಬರೀ ರಾತ್ರಿಪಾಳಿ ಮಾಡಿದ್ದರಂತೆ. ನನ್ನ ದಾವಣಗೆರೆ ಉರ್ದು ಕೇಳಿ ನಕ್ಕುಬಿಟ್ಟರು. ನಮ್ಮಪ್ಪ ಸ್ಪಿನ್ನಿಂಗ್ ಖಾತೆಯಲ್ಲಿದ್ದರು ಅಂದೆ. ತಕ್ಷಣ ಕೇಳಿದ್ದು ಏನು ಗೊತ್ತಾ? "ಕಿವಿ ಸರಿ ಕೇಳುತ್ತಾ?" ನೀವು ಟಿವಿ ಇಡುವ ಜೋರು ನೆನಪಾಗಿ ಏನೂ ಹೇಳಲಾಗಲಿಲ್ಲ, ಚಾಚಾ ಅಂತ ಕೈ ಹಿಡಿದುಕೊಂಡೆ. ಆಮೇಲೆ ಅವರು ಕಂಬದಿಂದ ಕಂಬಕ್ಕೆ ಹೆಜ್ಜೆ ಅಳೆದು, ಯಂತ್ರದ ಸಾಲು ಹೀಗಿದ್ದಿರಬೇಕು, ಎಳೆ ಕಡಿದರೆ ಹೀಗೆ ಓಡಬೇಕಿತ್ತು ಅಂತ ತೋರಿಸಿದರು. ಹುಲಿಮುಖದ ಎರಡು ಮಕ್ಕಳು ಆಟ ಅಂದುಕೊಂಡು ಅವರ ಹಿಂದೆಯೇ ಓಡಿದವು. ಮೂಲೆಯಲ್ಲಿ ಕೂತಿದ್ದ ಗ್ಯಾಲರಿಯ ಹುಡುಗಿ ತಡೆಯಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಜಗಳ ಹತ್ತಿದೆ. ಕಂಬದ ಬುಡದ ಕಲೆ ನೂಲುವ ಯಂತ್ರದ್ದು ಅಂತ ಚಾಚಾ, ಮಗ್ಗದ್ದು ಅಂತ ನಿಮ್ಮ ಅಳಿಯ. ಅವರಿಗೇನು ಗೊತ್ತು, ಬ್ಯಾಂಕಿನವರು. ಫೋಟೊಗಳನ್ನು ತಮ್ಮನ ಫೋನಿಗೆ ಕಳಿಸಿದ್ದೇನೆ. ಚಿತ್ರಗಳದ್ದು ಎರಡೇ, ಉಳಿದದ್ದೆಲ್ಲ ನೆಲದ್ದು. ಕನ್ನಡಕ ಹಾಕಿಕೊಂಡು ನೋಡಿ ಹೇಳಿ. ಮುಂದಿನ ಶನಿವಾರ ಚಾಚಾ ಮನೆಗೆ ಚಹಾಕ್ಕೆ ಬರುತ್ತಾರೆ, ಅಷ್ಟರೊಳಗೆ ಬೇಕು.

ನಿಮ್ಮ ಮಗಳು