26,800 ಎಂಎಎಚ್ ಪವರ್ ಬ್ಯಾಂಕ್ ನಿಲ್ಲಿಸುತ್ತಿದ್ದೇವೆ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಎಂಟು ಸೆಲ್‌ಗಳ ನಮ್ಮ 26,800 ಎಂಎಎಚ್ ಪವರ್ ಬ್ಯಾಂಕನ್ನು ಇನ್ನು ಮುಂದೆ ಜೋಡಿಸುವುದಿಲ್ಲ, ಮಾರುವುದಿಲ್ಲ, ರಿಪೇರಿಗೂ ತೆಗೆದುಕೊಳ್ಳುವುದಿಲ್ಲ. ಅದರ ಜಾಗಕ್ಕೆ ಮೂರು ಸೆಲ್‌ಗಳ 10,050 ಎಂಎಎಚ್ ಮಾದರಿ ಬಂದಿದೆ. ನಿಮ್ಮಲ್ಲಿ ಹಳೆಯದಿದ್ದರೆ, ಎಷ್ಟೇ ವರ್ಷದ್ದಾಗಿರಲಿ, ಅದನ್ನು ಕೊಟ್ಟು ಹೊಸದನ್ನು ಒಯ್ಯಬಹುದು. ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ನಿಜ. ಹಾಗಾಗಿಯೇ ಕಾರಣವನ್ನು ಬಿಡಿಸಿ ಹೇಳಬೇಕಾಗಿದೆ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ, ಹೊರಡಲು ಸಿದ್ಧವಾಗಿ ನಿಂತಿದ್ದ ಏರ್ ಬೂಸಾನ್‌ನ ಎ321 ವಿಮಾನದೊಳಗೆ ಬೆಂಕಿ ಕಾಣಿಸಿಕೊಂಡಿತು. ಅದು ಶುರುವಾದದ್ದು ತಲೆಯ ಮೇಲಿನ ಸಾಮಾನು ಗೂಡಿನಲ್ಲಿ. ಒಳಗಿದ್ದ 176 ಜನರೂ ಜಾರುದಾರಿಯಿಂದ ಇಳಿದು ಬದುಕಿದರು, ವಿಮಾನದ ಛಾವಣಿ ಸುಟ್ಟುಹೋಯಿತು. ಪವರ್ ಬ್ಯಾಂಕಿನೊಳಗಿನ ನಿರೋಧಕ ಪದರ ಹಾಳಾಗಿ ಕಿಡಿ ಹೊತ್ತಿರುವ ಸಾಧ್ಯತೆಯನ್ನು ತನಿಖೆ ಮುಂದಿಟ್ಟಿತು. ಅದೇ ವರ್ಷ ಅಕ್ಟೋಬರ್ 18ರಂದು ಹಾಂಗ್‌ಝೌನಿಂದ ಇಂಚಿಯಾನ್‌ಗೆ ಹಾರುತ್ತಿದ್ದ ಏರ್ ಚೈನಾ ವಿಮಾನದಲ್ಲೂ ಮೇಲಿನ ಗೂಡಿನ ಚೀಲದಲ್ಲಿದ್ದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಈ ಸಲ ಅದು ಆಕಾಶದಲ್ಲೇ. ವಿಮಾನವನ್ನು ಶಾಂಘೈಗೆ ತಿರುಗಿಸಿ ಇಳಿಸಿದರು. ಈ ಎರಡು ಘಟನೆಗಳ ಚಿತ್ರಗಳು ಹರಿದಾಡಿದ ಮೇಲೆ ನಿಮ್ಮಲ್ಲಿ ಅನೇಕರು ನಮ್ಮನ್ನು ಕೇಳುತ್ತಿರುವುದು ಎರಡು ಪ್ರಶ್ನೆ: ಫೋನಿನ ತರಂಗದಿಂದ ವಿಮಾನಕ್ಕೆ ಅಪಾಯವೇ? ನಮ್ಮ ಚೀಲದಲ್ಲಿರುವುದೂ ಹೀಗೇ ಹೊತ್ತಿಕೊಳ್ಳಬಹುದೇ?

ಮೊದಲ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. 2008ರ ಅಕ್ಟೋಬರ್ 7ರಂದು ಸಿಂಗಾಪುರದಿಂದ ಪರ್ತ್‌ಗೆ ಹೋಗುತ್ತಿದ್ದ ಕ್ವಾಂಟಾಸ್ ಸಂಸ್ಥೆಯ ವಿಮಾನ (ಕ್ವಾಂಟಾಸ್ 72) ಇದ್ದಕ್ಕಿದ್ದಂತೆ ಮೂತಿ ತಗ್ಗಿಸಿ ಧುಮುಕಿದಾಗ ನೂರಕ್ಕೂ ಹೆಚ್ಚು ಪ್ರಯಾಣಿಕರು ಗಾಯಗೊಂಡರು. ಯಾರದೋ ಲ್ಯಾಪ್‌ಟಾಪ್ ಕಾರಣವಿರಬಹುದೆಂಬ ಮಾತೂ ಆಗ ಎದ್ದಿತ್ತು. ಆಸ್ಟ್ರೇಲಿಯಾದ ತನಿಖಾ ಸಂಸ್ಥೆ 2011ರಲ್ಲಿ ಕೊಟ್ಟ ಅಂತಿಮ ವರದಿಯ ಪ್ರಕಾರ, ಗಾಳಿಯ ದತ್ತಾಂಶ ಕೊಡುವ ಮೂರು ಘಟಕಗಳಲ್ಲಿ ಒಂದು ತಪ್ಪು ಅಂಕಿಗಳನ್ನು ಕಳಿಸಿತ್ತು, ಹಾರಾಟ ನಿಯಂತ್ರಿಸುವ ತಂತ್ರಾಂಶ ಅದನ್ನು ನಂಬಿತ್ತು. ಪ್ರಯಾಣಿಕರ ಸಾಧನಗಳ ತಪ್ಪೇನೂ ಇರಲಿಲ್ಲ. ಫ್ಲೈಟ್ ಮೋಡ್ ಹಾಕಲೇಬೇಕು, ಅದು ನಿಯಮ. ಹಾಕದಿದ್ದರೆ ಪೈಲಟ್‌ಗಳ ಹೆಡ್‌ಸೆಟ್‌ನಲ್ಲಿ ಗೊರಗೊರ ಸದ್ದು ಕೇಳಬಹುದು. ಫೋನೂ ಸಿಗದ ಟವರನ್ನು ಪೂರ್ತಿ ಶಕ್ತಿಯಲ್ಲಿ ಹುಡುಕುತ್ತಾ ಬಿಸಿಯಾಗುತ್ತದೆ. ಆದರೆ ನಾವು ನಿಜವಾಗಿ ಭಯಪಡುವುದು ತರಂಗಕ್ಕಲ್ಲ, ಬ್ಯಾಟರಿಗೆ.

ಹಳೆಯ ಮಾದರಿಯ ಮುಚ್ಚಳ ತೆಗೆದರೆ 18650 ಅಳತೆಯ (18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ) ಎಂಟು ಸೆಲ್‌ಗಳು ಅಂಟಂಟಿಕೊಂಡು ಕೂತಿರುವುದು ಕಾಣುತ್ತದೆ. ಒಂದೊಂದೂ 3,350 ಎಂಎಎಚ್, 3.6 ವೋಲ್ಟ್, ಅಂದರೆ ಸುಮಾರು 12 ವ್ಯಾಟ್ ಅವರ್ (ಒಳಗೆ ತುಂಬಿಡಬಹುದಾದ ಶಕ್ತಿಯ ಅಳತೆ). ಎಂಟನ್ನೂ ಒಂದೇ ನಿಕಲ್ ಪಟ್ಟಿಗೆ ಸಮಾಂತರವಾಗಿ ಬೆಸೆದಿದೆ. ತೊಂದರೆ ಇರುವುದು ಇಲ್ಲೇ. ಒಂದು ಸೆಲ್‌ನ ಒಳಗೆ ಶಾರ್ಟ್ ಸರ್ಕ್ಯೂಟ್ ಆಯಿತೆನ್ನಿ, ಉಳಿದ ಏಳೂ ತಮ್ಮಲ್ಲಿರುವ ಕರೆಂಟನ್ನೆಲ್ಲ ಅದಕ್ಕೇ ಸುರಿಯುತ್ತವೆ. ಹೊರಗಿನ ರಕ್ಷಣಾ ಸರ್ಕ್ಯೂಟ್‌ಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಹರಿವು ಅದರ ಮೂಲಕ ಹಾಯುವುದಿಲ್ಲ. ಸುಮಾರು 130 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಧನ, ಋಣ ಪದರಗಳ ನಡುವಿನ ಪ್ಲಾಸ್ಟಿಕ್ ಪೊರೆ ಕರಗುತ್ತದೆ. ಅಲ್ಲಿಂದಾಚೆ ಸೆಲ್ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಧನ ಪದರ ಆಮ್ಲಜನಕ ಬಿಡುತ್ತದೆ, ಒಳಗಿನ ದ್ರಾವಣ ಸುಡುವ ಅನಿಲವಾಗಿ ಹೊರಚಿಮ್ಮುತ್ತದೆ, ಪಕ್ಕದ ಸೆಲ್ಲಿಗೂ ಬಿಸಿ ಏರುತ್ತದೆ.

ಒಳಗೆ ಶಾರ್ಟ್ ಯಾಕಾಗುತ್ತದೆ? ತಯಾರಿಕೆಯಲ್ಲಿ ಸೇರಿದ ಲೋಹದ ಚೂರು, ಕೆಳಗೆ ಬಿದ್ದಾಗಿನ ಪೆಟ್ಟು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವುದು, ಇವೆಲ್ಲ ಕಾರಣವೇ. ಜನರಿಗೆ ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದಿದೆ: ವರ್ಷಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದು ಪೂರ್ತಿ ಖಾಲಿಯಾಗುವುದು. ವೋಲ್ಟೇಜ್ ತೀರಾ ಕುಸಿದಾಗ ಋಣ ಬದಿಯ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್‌ಗೆ ಹಾಕಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಪೊರೆಯನ್ನು ಚುಚ್ಚುತ್ತದೆ. ಪ್ರವಾಸದ ಹಿಂದಿನ ರಾತ್ರಿ ಹಳೆಯ ಪವರ್ ಬ್ಯಾಂಕ್ ಹುಡುಕಿ ತೆಗೆದು, ಬೆಳಗಿನವರೆಗೆ ಚಾರ್ಜ್‌ಗೆ ಹಾಕಿ, ನೇರ ವಿಮಾನಕ್ಕೆ ಒಯ್ಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಮೂರು ತಿಂಗಳಿಗೊಮ್ಮೆ ಅರ್ಧಕ್ಕೆ ತುಂಬಿಸಿಡಿ. ಒಂದು ವರ್ಷ ಬಳಸದೆ ಬಿಟ್ಟದ್ದನ್ನು ಮತ್ತೆ ಚಾರ್ಜ್ ಮಾಡದೆ ನಮಗೆ ಕೊಡಿ.

ಹೊಸ ಮಾದರಿಯಲ್ಲಿ ಸೆಲ್ ಮೂರೇ, ಒಟ್ಟು ಸುಮಾರು 36 ವ್ಯಾಟ್ ಅವರ್. ಪ್ರತಿ ಸೆಲ್‌ಗೂ ಅದರದೇ ಫ್ಯೂಸ್ ತಂತಿ ಇದೆ. ಒಂದು ಕೆಟ್ಟರೆ ತಂತಿ ಕರಗಿ ಅದು ಉಳಿದೆರಡರಿಂದ ಬೇರೆಯಾಗುತ್ತದೆ. ಸೆಲ್‌ಗಳ ನಡುವೆ 3 ಮಿಲಿಮೀಟರ್ ಸಂದಿ ಬಿಟ್ಟು ಅಭ್ರಕದ ಹಾಳೆ ನಿಲ್ಲಿಸಿದ್ದೇವೆ. ಉಷ್ಣ ಸಂವೇದಕ ಸೆಲ್‌ನ ಮೈಗೇ ಅಂಟಿದೆ: 45 ಡಿಗ್ರಿಯಲ್ಲಿ ಚಾರ್ಜಿಂಗ್ ನಿಲ್ಲುತ್ತದೆ, 60ರಲ್ಲಿ ಹೊರಹರಿವೂ ನಿಲ್ಲುತ್ತದೆ. ಗುಂಡಿ ಒತ್ತದೆ ಪೋರ್ಟ್‌ಗೆ ಕರೆಂಟ್ ಬರುವುದಿಲ್ಲ, ಹಾಗಾಗಿ ಚೀಲದಲ್ಲಿ ಕೇಬಲ್ ಸಿಕ್ಕಿಕೊಂಡಿದ್ದರೂ ತಾನಾಗಿ ಶುರುವಾಗದು. ಇಷ್ಟೆಲ್ಲ ಮಾಡಿದರೂ ಸೆಲ್ ಎಂದೂ ಹೊತ್ತುವುದಿಲ್ಲವೆಂದು ನಾವು ಹೇಳುವುದಿಲ್ಲ. ಒಂದು ಕೆಟ್ಟರೆ ಎಂಟೂ ಹೋಗುವ ಸ್ಥಿತಿ ತಪ್ಪಿಸಬೇಕೆಂಬುದು ನಮ್ಮ ಪ್ರಯತ್ನ.

ಇನ್ನು ವ್ಯಾಟ್ ಅವರ್ ಅಂಕಿಯನ್ನು ಮೈಮೇಲೆ ಕೊರೆದೇ ಬರೆಯುತ್ತಿದ್ದೇವೆ, ಸ್ಟಿಕ್ಕರ್ ಅಂಟಿಸುವುದಿಲ್ಲ. ತಪಾಸಣೆಯಲ್ಲಿ ಅಂಕಿ ಅಳಿಸಿದ ಪವರ್ ಬ್ಯಾಂಕನ್ನು ತಡೆದರೆ ವಾದಿಸಲು ದಾರಿ ಇರುವುದಿಲ್ಲ. ಬೇರೆ ಕಂಪನಿಯದನ್ನು ನೀವೇ ಲೆಕ್ಕ ಹಾಕಬಹುದು: ಎಂಎಎಚ್ ಅನ್ನು ಸೆಲ್‌ನ ವೋಲ್ಟೇಜಿನಿಂದ ಗುಣಿಸಿ 1,000ದಿಂದ ಭಾಗಿಸಿ. 20,000 ಎಂಎಎಚ್, 3.7 ವೋಲ್ಟ್ ಎಂದರೆ 74 ವ್ಯಾಟ್ ಅವರ್. ಪೋರ್ಟಿನ 5 ವೋಲ್ಟ್ ಹಿಡಿದು ಗುಣಿಸಿದರೆ 100 ಬರುತ್ತದೆ, ಆ ಲೆಕ್ಕ ತಪ್ಪು. ಸಾಮಾನ್ಯ ನಿಯಮದಂತೆ 100ರವರೆಗೆ ಅನುಮತಿ ಬೇಕಿಲ್ಲ, 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದು ಒಯ್ಯುವಂತಿಲ್ಲ. ಕೆಲವು ಸಂಸ್ಥೆಗಳು ಇದಕ್ಕಿಂತ ಬಿಗಿ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದನ್ನೇ ಬಿಡುತ್ತದೆ, ಅದನ್ನೂ ವಿಮಾನದಲ್ಲಿ ಬಳಸುವಂತಿಲ್ಲ. ಟಿಕೆಟ್ ಕೊಂಡ ಸಂಸ್ಥೆಯ ನಿಯಮವನ್ನು ಹೊರಡುವ ಮುಂಚೆ ಓದಿ.

ಒಯ್ಯುವಾಗ ಚೆಕ್-ಇನ್ ಲಗೇಜಿಗೆ ಹಾಕಬೇಡಿ, ಮೇಲಿನ ಗೂಡಿನಲ್ಲೂ ಇಡಬೇಡಿ. ಮುಂದಿನ ಸೀಟಿನ ಜೇಬಿನಲ್ಲೋ ಕಾಲ ಬಳಿಯ ಚೀಲದಲ್ಲೋ, ಬಿಸಿಯಾದರೆ ಕೈಗೆ, ಹೊಗೆಯಾಡಿದರೆ ಕಣ್ಣಿಗೆ ಸಿಗುವಂತಿರಲಿ. ಜನ ಎಡವುವುದು ವಿಮಾನದ ಬಾಗಿಲ ಬಳಿ: ಜಾಗವಿಲ್ಲವೆಂದು ಕೈಚೀಲವನ್ನು ಅಲ್ಲೇ ತೆಗೆದುಕೊಂಡು ಕೆಳಗಿನ ಸಾಮಾನು ಕೋಣೆಗೆ ಕಳಿಸುತ್ತಾರೆ, ಒಳಗಿದ್ದ ಪವರ್ ಬ್ಯಾಂಕ್ ಮರೆತುಹೋಗುತ್ತದೆ. ಅದನ್ನು ಚೀಲದ ಹೊರಜೇಬಿನಲ್ಲಿಟ್ಟಿದ್ದರೆ ಒಂದೇ ಕ್ಷಣದಲ್ಲಿ ತೆಗೆಯಬಹುದು. ಕ್ಯಾಮೆರಾದ ಬಿಡಿ ಬ್ಯಾಟರಿಗಳ ತುದಿಗೆ ಟೇಪ್ ಹಚ್ಚಿ, ಒಂದೊಂದನ್ನೂ ಬೇರೆ ಪ್ಲಾಸ್ಟಿಕ್ ಕವರಿನಲ್ಲಿಡಿ, ಬೀಗದ ಕೈ ನಾಣ್ಯಗಳ ಜೊತೆ ಬೇಡ. ಪವರ್ ಬ್ಯಾಂಕ್ ಪೂರ್ತಿ ತುಂಬಿಸದೆ ಅರ್ಧ ಚಾರ್ಜ್‌ನಲ್ಲಿ ಒಯ್ಯಿರಿ, ಚಾರ್ಜ್ ಕಡಿಮೆಯಿದ್ದಷ್ಟೂ ಬೆಂಕಿಯ ಉಗ್ರತೆ ಕಡಿಮೆ. ಸರಕು ವಿಮಾನದಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿ ಸಾಗಿಸಲು 2016ರ ಏಪ್ರಿಲ್‌ನಿಂದ ಶೇಕಡಾ 30ರ ಚಾರ್ಜ್ ಮಿತಿ ಇಟ್ಟಿರುವುದು ಇದಕ್ಕೇ.

ಫೋನ್ ಸೀಟಿನ ಸಂದಿಗೆ ಜಾರಿದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ. ಯಂತ್ರದ ನಡುವೆ ಸಿಕ್ಕಿ ಅಪ್ಪಚ್ಚಿಯಾದ ಫೋನೂ ಹೊತ್ತಿಕೊಳ್ಳುತ್ತದೆ. ಎದ್ದು ನಿಂತು ಸಿಬ್ಬಂದಿಯನ್ನು ಕರೆಯಿರಿ. ಹೊಗೆ ಬಂದರೆ ಸಾಧನವನ್ನು ಕೈಯಲ್ಲಿ ಎತ್ತಬೇಡಿ, ಮೊದಲು ಕೂಗಿ ಹೇಳಿ, ಹತ್ತಿರದವರನ್ನು ಸರಿಸಿ. ಸಿಬ್ಬಂದಿ ಹ್ಯಾಲಾನ್ ಎಂಬ ಬೆಂಕಿ ಆರಿಸುವ ಅನಿಲದಿಂದ ಜ್ವಾಲೆ ಆರಿಸುತ್ತಾರೆ, ಆದರೆ ಜ್ವಾಲೆ ಆರಿದರೂ ಸೆಲ್ ತಣ್ಣಗಾಗಿರುವುದಿಲ್ಲ. ತಣಿಸುವುದು ನೀರು, ಅದೂ ಧಾರಾಳವಾಗಿ. ಕಂಬಳಿ ಹೊದಿಸುವುದಾಗಲಿ ಮಂಜುಗಡ್ಡೆ ಮುಚ್ಚುವುದಾಗಲಿ ಬೇಡ, ಎರಡೂ ಬಿಸಿಯನ್ನು ಒಳಗೇ ಹಿಡಿದಿಡುತ್ತವೆ.

ಇದೇ ಕಾರಣಕ್ಕೆ 'ಬೆಂಕಿ ನಿರೋಧಕ' ಎಂದು ನಾವು ಮಾರುತ್ತಿದ್ದ, ಪವರ್ ಬ್ಯಾಂಕ್ ಇಡುವ ಪೌಚನ್ನೂ ನಿಲ್ಲಿಸಿದ್ದೇವೆ. ಅದರ ಹೊಲಿಗೆಯಿಂದ ಅನಿಲ ಹೊರಬರುತ್ತದೆ, ಒಳಗೇನಾಗುತ್ತಿದೆ ಎಂಬುದೂ ಕಾಣುವುದಿಲ್ಲ. ಆ ಹೆಸರಿಟ್ಟು ಮಾರಿದ್ದು ನಮ್ಮ ತಪ್ಪು. ಕೊಂಡವರು ತಂದರೆ ಹಣ ವಾಪಸ್ ಕೊಡುತ್ತೇವೆ.

ಹಳೆಯ ಪವರ್ ಬ್ಯಾಂಕ್ ಬದಲಿಸಲು ಅಂಚೆ ಕೊರಿಯರ್ ಬೇಡ, ಕೈಯಲ್ಲೇ ತನ್ನಿ. ಬಳಸಿ ಕೊನೆಯ ಒಂದು ದೀಪಕ್ಕೆ ಇಳಿಸಿ, ಪೋರ್ಟ್‌ಗಳಿಗೆ ಟೇಪ್ ಹಚ್ಚಿ. ಮೈ ಉಬ್ಬಿದ್ದರೆ, ಮುಚ್ಚಳದ ಅಂಚು ಬಿಟ್ಟುಕೊಂಡಿದ್ದರೆ, ಸಿಹಿ ದ್ರಾವಕದಂಥ ವಾಸನೆ ಬಂದರೆ ಚಾರ್ಜ್ ಇಳಿಸಲೂ ಹೋಗಬೇಡಿ. ಲೋಹದ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರೊಳಗಿಟ್ಟು, ಮುಚ್ಚಳ ಬಿಗಿಯದೆ, ಮನೆಯ ಹೊರಗೆ ನೆರಳಿನಲ್ಲಿಡಿ. ನಮಗೆ ತಿಳಿಸಿದರೆ ನಾವೇ ಬಂದು ಒಯ್ಯುತ್ತೇವೆ.

ಇಂತಿ,
ಸಹಕಾರಿ ಸಂಘದ ಜೋಡಣೆ ಮತ್ತು ದುರಸ್ತಿ ವಿಭಾಗ