ಹೂ ಕಟ್ಟುವ ಲೆಕ್ಕ, ಮಳೆಯ ಲೆಕ್ಕ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಮಳೆ ಲೆಕ್ಕದ ಪ್ರೋಗ್ರಾಂ ನೋಡಿದೆ. ಅಜ್ಜನ ನೋಟ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸುವ ಯೋಚನೆ ಒಳ್ಳೆಯದೇ. ನಮ್ಮ ಅಂಗಳದ ಅಳತೆ ಬಿಟ್ಟುಹೋದ ದಿನ ಪಕ್ಕದ ತೋಟದವರ ಅಳತೆ ತಗೋ ಅಂದವನೂ ನಾನೇ. ಆದರೆ ನೀನು ತಗೊಂಡಿರುವುದು ಬೇರೆ ದಿನದ ಮಳೆ ಮಾರಾಯ!

ಐದು ದಿನ ಹಿಡಿದು ನೋಡು. ನಮ್ಮದು 12, ಖಾಲಿ, 40, ಖಾಲಿ, 8. ಅವರದು 15, 22, 38, 61, 10. ಬರಬೇಕಾದದ್ದು 12, 22, 40, 61, 8. ನಿನಗೆ ಬಂದದ್ದು 12, 15, 40, 22, 8. ಪೈಥಾನಿನ ಲೆಕ್ಕದ ಲೈಬ್ರರಿ ನಮ್‌ಪೈನ ‘ಪ್ಲೇಸ್’ ಬಳಸಿದ್ದೀಯಲ್ಲ, ಅದು ಖಾಲಿ ಜಾಗ ಸಿಕ್ಕಾಗೆಲ್ಲ ಎರಡನೇ ಪಟ್ಟಿಯನ್ನು ಮೊದಲಿಂದ ಒಂದೊಂದಾಗಿ ಎತ್ತಿ ಹಾಕುತ್ತದೆ. ಯಾವ ದಿನದ್ದು ಅಂತ ಕೇಳುವುದಿಲ್ಲ. ಎರರ್ ಕೂಡ ಕೊಡುವುದಿಲ್ಲ, ಅದೇ ಕಷ್ಟ.

ದೊಡ್ಡಮ್ಮ ಹೂ ಕಟ್ಟುವಾಗ ಎದುರಿಗೆ ಎರಡು ಬುಟ್ಟಿ ಇಟ್ಟುಕೊಳ್ಳುತ್ತಾಳೆ. ಎರಡು ಮಲ್ಲಿಗೆ, ಒಂದು ಕನಕಾಂಬರ. ಯಾವುದರ ಸರದಿಯೋ ಆ ಬುಟ್ಟಿಯಿಂದ ಕೈಗೆ ಸಿಕ್ಕ ಮುಂದಿನ ಹೂ. ಅದೊಂದು ಬಗೆ. ಸಮ ಉದ್ದದ ಎರಡು ಪಟ್ಟಿ ಅಕ್ಕಪಕ್ಕ ಇಟ್ಟು, ಪ್ರತಿ ಸಾಲಿನಲ್ಲೂ ಇದೋ ಅದೋ ಎಂದು ಆರಿಸುವುದು ಇನ್ನೊಂದು ಬಗೆ. ಕಂಪ್ಯೂಟರ್ ವಿಜ್ಞಾನಿ ಕೆನೆತ್ ಐವರ್ಸನ್ 1962ರ ತಮ್ಮ ಪುಸ್ತಕದಲ್ಲೇ ಇವೆರಡನ್ನು ಬೇರ್ಪಡಿಸಿ ಮೊದಲನೆಯದನ್ನು ಮೆಶ್, ಎರಡನೆಯದನ್ನು ಮಾಸ್ಕ್ ಎಂದು ಕರೆದಿದ್ದರು. ಎಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಹೆಸರು ಬಂದದ್ದು ಆ ಪುಸ್ತಕದಿಂದಲೇ. ನಿನಗೆ ಬೇಕಿದ್ದದ್ದು ಮಾಸ್ಕ್. ನಮ್‌ಪೈನಲ್ಲಿ ಆ ಕೆಲಸಕ್ಕೆ ‘ವೇರ್’ ಇದೆ.

ಅದಕ್ಕೂ ಮೊದಲು ಬೇಡದ ಅಳತೆಯನ್ನು ಸೊನ್ನೆಯಿಂದ, ಬೇಕಾದದ್ದನ್ನು ಒಂದರಿಂದ ಗುಣಿಸಿ ಕೂಡಲು ಹೋಗಿ ಕೈಬಿಟ್ಟಿದ್ದೀಯ. ಖಾಲಿ ಜಾಗದಲ್ಲಿ ಕೂತಿರುವುದು ನ್ಯಾನ್, ಅಂದರೆ ‘ಇದು ಸಂಖ್ಯೆಯಲ್ಲ’ ಎಂಬ ಗುರುತು. ಅದನ್ನು ಸೊನ್ನೆಯಿಂದ ಗುಣಿಸಿದರೂ ನ್ಯಾನೇ. ಗುಣಿಸಿದ ಮಾತ್ರಕ್ಕೆ ಅದನ್ನು ಹೊರಗಿಟ್ಟ ಹಾಗಾಗಲಿಲ್ಲ.

ಆ ಗುಣಾಕಾರದ ಚಾಳಿ ನನಗೂ ಇತ್ತು ಅನ್ನು. ಟೊರಾಂಟೊದಲ್ಲಿ ಎಪಿಎಲ್ ಬರೆಯುತ್ತಿದ್ದ ಕಾಲ. ಮೂವರ ಹಳೆ ಸಂಬಳ 400, 520, 610. ಹೊಸದು 450, 560, 650. ಹೊಸದಕ್ಕೆ ಒಪ್ಪಿದವರು ಮೊದಲನೆಯವ ಮತ್ತು ಮೂರನೆಯವ, ಅಂದರೆ ಯಾವುದನ್ನು ಆರಿಸಬೇಕೆಂದು ಹೇಳುವ ಪಟ್ಟಿ, ಅದನ್ನೂ ಮಾಸ್ಕ್ ಅನ್ನುತ್ತಾರೆ, 1 0 1. ‘ಮಾಸ್ಕ್ ಗುಣಿಸು ಹೊಸದು, ಕೂಡಿಸು ಹಳೆಯದು ಗುಣಿಸು ಮಾಸ್ಕಿನ ತಿರುವುಮುರುವು (0 1 0)’ ಎಂದು ಶಾಲೆಯ ಗಣಿತದ ಧೈರ್ಯದಲ್ಲಿ ಬರೆದುಬಿಟ್ಟೆ. ಎಪಿಎಲ್‌ನಲ್ಲಿ ಕೂಡಿಸುವುದಕ್ಕಿಂತ ಗುಣಿಸುವುದು ಮೊದಲು ಎಂಬ ನಿಯಮವೇ ಇಲ್ಲ, ಲೆಕ್ಕ ಬಲದಿಂದ ಎಡಕ್ಕೆ ಹೋಗುತ್ತದೆ. ಮೊದಲು 0 520 0, ಅದಕ್ಕೆ ಹೊಸದು ಸೇರಿ 450 1080 650, ಕೊನೆಗೆ ಎಲ್ಲಕ್ಕೂ ಮಾಸ್ಕ್ ಬಿದ್ದು 450 0 650. ನಡುವಿನವನಿಗೆ ಸಂಬಳವೇ ಇಲ್ಲ! ಆತ ನನ್ನ ಪಕ್ಕದ ಮೇಜಿನವನೇ, ಪುಣ್ಯಕ್ಕೆ ಪ್ರಿಂಟ್‌ಔಟಿನಲ್ಲೇ ಕಂಡಿತು. ಎಡಗಡೆ ಒಂದು ಜೊತೆ ಆವರಣ ಹಾಕಿದ್ದರೆ ಸಾಕಿತ್ತು.

ಹಾಗಂತ ‘ವೇರ್’ ಎಲ್ಲವನ್ನೂ ಕಾಯುತ್ತದೆ ಅಂದುಕೊಳ್ಳಬೇಡ. ಅದು ಷರತ್ತು ನೋಡಿ ಒಂದೇ ದಾರಿ ಹಿಡಿಯುವ ‘ಇಫ್’ ಅಲ್ಲ. ಎರಡೂ ಪಟ್ಟಿಗಳ ಲೆಕ್ಕ ಪೂರ್ತಿ ಮುಗಿದ ಮೇಲೇ ಅದು ಆರಿಸಲು ಕೂರುವುದು. ತಿಂಗಳ ಮಳೆಯನ್ನು ಮಳೆ ಬಂದ ದಿನಗಳಿಂದ ಭಾಗಿಸಿದ್ದೀಯಲ್ಲ, ಜನವರಿಯಲ್ಲಿ ಆ ದಿನಗಳು ಸೊನ್ನೆ. ‘ಸೊನ್ನೆಯಾಗಿದ್ದರೆ ಬಿಡು’ ಎಂದು ನೀನು ಬರೆದಿದ್ದರೂ ಭಾಗಾಕಾರ ಆಗಲೇ ನಡೆದಿರುತ್ತದೆ. ನಿನಗೆ ಕಾಣುತ್ತಿರುವ ವಾರ್ನಿಂಗ್ ಅದರದ್ದೇ. ನಾವು ಮಾಡುತ್ತಿದ್ದದ್ದು ಇಷ್ಟು: ದಿನಗಳು ಎಲ್ಲಿ ಸೊನ್ನೆಯೋ ಅಲ್ಲಿ ಭಾಜಕಕ್ಕೆ ಒಂದು ಕೂಡಿಸಿಬಿಡುವುದು. ಮಳೆಯೂ ಸೊನ್ನೆಯೇ ಆದ್ದರಿಂದ ಉತ್ತರ ಸೊನ್ನೆ ಬರುತ್ತದೆ, ಆರಿಸುವ ಗೋಜೇ ಇಲ್ಲ.

ಇನ್ನು ಎರಡರಲ್ಲಿ ದೊಡ್ಡದು ಬೇಕು ಅನ್ನುವ ಕಡೆಯೂ ಮಾಸ್ಕ್ ಕಟ್ಟಿದ್ದೀಯ. ಅದಕ್ಕೆ ‘ಮ್ಯಾಕ್ಸಿಮಮ್’ ಸಾಕು ಕಣೋ.

1994ರ ನೋಟ್‌ಬುಕ್ಕಿನ ಕೆಲವು ಹಾಳೆಗಳನ್ನು ಇಲಿ ತಿಂದಿದೆ. ಪಕ್ಕದ ತೋಟದವರ ಪುಸ್ತಕದಲ್ಲೂ ಆ ವಾರ ಏನೂ ಬರೆದಿಲ್ಲ. ಅದನ್ನು ಖಾಲಿಯೇ ಬಿಡು. ಸೊನ್ನೆ ತುಂಬಬೇಡ, ಆ ವಾರ ಹೊಳೆ ಅಂಗಳದವರೆಗೆ ಬಂದಿತ್ತು.

ಇಂತಿ,
ನಿನ್ನ ದೊಡ್ಡಪ್ಪ